ಹಳಿ ತಿರುಗಿಸಿದ ದಲ್ಸು

ಹುಕ್ಗೋಲ್ ನಿಲ್ದಾಣದಲ್ಲಿ ಹಳಿ ತಿರುಗಿಸುವ ಕೆಲಸಕ್ಕೆ ಸೇರುವ ಮೊದಲು ಮೆಂಗ್ ದಲ್ಸು ಹನ್ನೆರಡು ವರ್ಷ ಗಣಿಯೊಳಗೆ ದುಡಿದಿದ್ದ. ಬಂಡೆ ಬಿದ್ದು ಎಡಗೈಯ ಮೂರು ಬೆರಳು ಹೋದವು. "ಇನ್ನೂ ಏಳು ಇದಾವಲ್ಲ, ಸಾಕು ಬಿಡಿ" ಎನ್ನುತ್ತಿದ್ದ. ನಿಲ್ದಾಣದೆದುರು ನೂಡಲ್ ಅಂಗಡಿ ಇಟ್ಟಿದ್ದ ನನಗೆ ಅವನ ಮಾತೆಲ್ಲ ಒಲೆಯ ಮುಂದೆಯೇ ಕೇಳಿಸುತ್ತಿತ್ತು. ಅಂಥ ಗಂಟಲು.

ಕಲ್ಲಿದ್ದಲಿಗಾಗಿಯೇ ಹುಟ್ಟಿದ ನಿಲ್ದಾಣ ನಮ್ಮದು. ಇದ್ದಲಿಗೆ ಶೆಡ್ ಇತ್ತು, ಮನುಷ್ಯರು ಹಿಮದಲ್ಲಿ ನಿಂತು ಗಾಡಿ ಕಾಯಬೇಕಿತ್ತು. ಸ್ಟೇಷನ್ ಮಾಸ್ಟರು ಆರು ವರ್ಷ ಅರ್ಜಿ ಬರೆದು ಬರೆದು, ಪಕ್ಕದ ಹಳಿಯ ತುದಿಯಲ್ಲಿ ಪ್ರಯಾಣಿಕರಿಗೊಂದು ಕೋಣೆ ಕಟ್ಟಿಸಿದರು. ಉದ್ಘಾಟನೆಗೆ ಎರಡೇ ದಿನವಿತ್ತು.

ಅಂದು ಬೆಳಿಗ್ಗೆ ಸಂತೆಗೆ ಹೊರಟ ಹೆಂಗಸರು ಗಾಡಿ ಹತ್ತುತ್ತಿದ್ದರು. ಗಣಿಯ ಇಳಿಜಾರಿನಲ್ಲಿ ಇದ್ದಲು ತುಂಬಿದ ಎರಡು ವ್ಯಾಗನ್‌ಗಳ ಕೊಂಡಿ ಕಳಚಿತು. ಬಿಟ್ಟರೆ ಅವು ನೇರ ಗಾಡಿಗೆ ಬಡಿಯುತ್ತಿದ್ದವು. ಹಳಿ ತಿರುಗಿಸಿದರೆ ಹೊಸ ಕೋಣೆಗೆ. ಕೋಣೆಯಲ್ಲಿ ಮಾಸ್ಟರು ಸ್ಟೂಲ್ ಹತ್ತಿ ಗಡಿಯಾರ ತೂಗುಹಾಕುತ್ತಿದ್ದರು. ಹಳಿ ತಿರುಗಿಸುವ ಸನ್ನೆಕೋಲು ಹಿಡಿದು ದಲ್ಸು ಕೂಗಿದ.

"ಮಾಸ್ಟ್ರೇ, ಹೊರಗ್ ಬನ್ನಿ!"

"ಯಾಕೋ ಅರಚ್ತೀಯಾ? ಗಡಿಯಾರ ಸೊಟ್ಟ ಆಗುತ್ತೆ!"

"ನಿಮ್ಮ ಗಡಿಯಾರದ ಮನೆ ಹಾಳಾಗ! ಓಡ್ರೀ!"

ಅವರು ಹೊಸ್ತಿಲು ದಾಟಿದ್ದೇ ತಡ, ದಲ್ಸು ಸನ್ನೆಕೋಲು ಎಳೆದ. ವ್ಯಾಗನ್‌ಗಳು ಕೋಣೆಯನ್ನು ನುಚ್ಚುನೂರು ಮಾಡಿದವು. ಗಾಡಿಯಲ್ಲಿದ್ದ ಒಬ್ಬರಿಗೂ ಗೀರು ಬೀಳಲಿಲ್ಲ.

ವಾರದ ನಂತರ ವಿಚಾರಣೆಗೆ ಅಧಿಕಾರಿ ಬಂದ. ಸರ್ಕಾರದ ಕಟ್ಟಡ ಒಡೆದದ್ದಕ್ಕೆ ಯಾರಾದರೂ ಹೊಣೆ ಹೊರಬೇಕಿತ್ತು.

"ತಪ್ಪಾಯ್ತು ಅಂತ ಸಹಿ ಹಾಕಪ್ಪ, ಮುಗಿದ್‌ಹೋಗುತ್ತೆ."

"ತಪ್ಪೇ ಆಗಿಲ್ವಲ್ಲ ಸಾಹೇಬ್ರೆ. ನಾಳೆ ಹಿಂಗೇ ಬಂದ್ರೂ ಹಿಂಗೇ ತಿರುಗಿಸ್ತೀನಿ."

ಅಧಿಕಾರಿ ಮಾಸ್ಟರ ಕಡೆ ನೋಡಿದ. ಆರು ವರ್ಷದ ಕನಸು ಕಳೆದುಕೊಂಡವರು ಬೈಯುತ್ತಾರೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಇವನ ಜಾಗದಲ್ಲಿ ನಾನಿದ್ದಿದ್ರೆ ಯೋಚ್ನೆ ಮಾಡ್ತಾ ನಿಂತಿರ್ತಿದ್ದೆ. ಸಹಿ ಬೇಕೇ ಬೇಕು ಅಂದ್ರೆ ನನ್ನದು ತಗೊಳ್ಳಿ."

ಅಧಿಕಾರಿ ಯಾರ ಸಹಿಯನ್ನೂ ಪಡೆಯದೆ ಮಧ್ಯಾಹ್ನದ ಗಾಡಿಗೆ ಹೊರಟುಹೋದ.

ಪಾಳಿ ಮುಗಿಸಿದ ಗಣಿಯವರೇ ಸುರಂಗ ಕುಸಿಯದಂತೆ ಆಸರೆ ಕೊಡುವ ದಪ್ಪ ಮರ ತಂದು, ಈ ಸಲ ಹಳಿಯಿಂದ ದೂರ, ಕೋಣೆ ಕಟ್ಟಿದರು. ಹಂದಿಮಾಂಸ ಬೇಯಿಸಿ ನಾವೇ ಉದ್ಘಾಟನೆ ಮಾಡಿಕೊಂಡೆವು. ಇದ್ದಲು ಮುಗಿದು ಗಣಿ ಮುಚ್ಚಿದರೂ ಸಂತೆಯ ಹೆಂಗಸರು ಅಲ್ಲೇ ಕೂತು ಗಾಡಿ ಕಾಯುತ್ತಾರೆ.

ನಿವೃತ್ತನಾದ ಮರುದಿನ ದಲ್ಸು ಹೆಂಡತಿಯ ಜೊತೆ ಟಿಕೆಟ್ ಕೊಂಡು, ಇಪ್ಪತ್ತು ವರ್ಷ ತಾನೇ ದಾರಿ ಮಾಡಿಕೊಟ್ಟ ಗಾಡಿ ಹತ್ತಿ ಕೊನೆಯ ನಿಲ್ದಾಣದವರೆಗೂ ಹೋದ. ಸಮುದ್ರ ನೋಡಿಕೊಂಡು, ನನಗೊಂದು ಕಟ್ಟು ಒಣಮೀನು ಹಿಡಿದು ಬಂದ.