ಹರಕೆ ಸಿನಿಮಾದ ಮಾತುಗಾರ

ಥೋಂಗ್‌ಬೈ ಬಾಯಿ ತೆರೆದರೆ ಹಸಿದ ನಾಯಿಯೂ ನಿಂತು ಕೇಳುತ್ತದೆ ಅಂತ ಬ್ಯಾಂಕಾಕಿನಿಂದ ದೂರದ ನಮ್ಮ ಕಡೆ ಒಂದು ಮಾತಿತ್ತು. ಮಧ್ಯಾಹ್ನ ಸಿನಿಮಾ ಗಾಡಿಯಲ್ಲಿ ಮೈಕು ಹಿಡಿದು ಊರೂರು ಸಾರುವವನು ಅವನೇ. ಸಂಜೆ ಬಯಲಿನಲ್ಲಿ ಪರದೆಯ ಪಕ್ಕ ಕೂತು ನಾಯಕ, ನಾಯಕಿ, ಖಳ, ಮುದುಕಿ ಎಲ್ಲರಿಗೂ ಬಾಯಾಗುವವನೂ ಅವನೇ. ಆಗೆಲ್ಲ ಸಿನಿಮಾಗಳು ಮೂಕವಾಗಿಯೇ ಬರುತ್ತಿದ್ದವು. ಆ ಬಯಲುಗಳಲ್ಲಿ ಒಣ ಬೊಂಡಾಸ ಮೀನನ್ನು ಕೆಂಡದ ಮೇಲೆ ಸುಟ್ಟು ಮಾರುತ್ತಿದ್ದವಳು ನಾನು, ಲಮ್‌ದುವನ್. ಅವನು ಮಾತು ಶುರು ಮಾಡಿದರೆ ನನ್ನ ವ್ಯಾಪಾರ ನೆಲ ಕಚ್ಚುತ್ತಿತ್ತು. ಒಬ್ಬ ಹಾಳಾದವನೂ ಎದ್ದು ಬರುತ್ತಿರಲಿಲ್ಲ.

ಸಿನಿಮಾ "ಚೆನ್ನಾಗಿದೆ" ಎಂದು ಅವನು ಒಮ್ಮೆಯೂ ಸಾರಿದವನಲ್ಲ.

"ಅದು ಅನ್ನ ಸಾರಿಗೆ ಹೇಳೋ ಮಾತು ಕಣೇ. ಜನಾನ ಮನೆಯಿಂದ ಎಬ್ಬಿಸ್ಬೇಕಾದ್ರೆ ಅವ್ರ ಮೈಗೆ ಏನಾಗತ್ತೆ ಅಂತ ಹೇಳ್ಬೇಕು," ಎನ್ನುತ್ತಿದ್ದ.

"ಬಾಯಿಗಿಟ್ಟ ತುತ್ತು ನುಂಗೋದು ಮರೀತೀರಿ!" "ಸೊಳ್ಳೆ ಹೊಟ್ಟೆ ತುಂಬಾ ಕುಡ್ದು ಎದ್ದೋದ್ರೂ ಗೊತ್ತಾಗಲ್ಲ!" "ಸಿನಿಮಾ ಮುಗಿದ್ಮೇಲೆ ತೊಡೆ ಮೇಲಿರೋ ಮಗು ನಿಮ್ದೇನಾ ಅಂತ ನೋಡ್ಕೊಂಡು ಎತ್ಕೊಳ್ಳಿ!" ಒಂದು ಸಿನಿಮಾಕ್ಕೆ ಆಡಿದ ಮಾತನ್ನು ಇನ್ನೊಂದಕ್ಕೆ ಆಡಿದರೆ ಎಂಜಲು ಬಡಿಸಿದ ಹಾಗೆ ಎನ್ನುವ ಜಂಬ ಬೇರೆ.

ಆಮೇಲೆ ಮನೆಮನೆಗೂ ಟೀವಿ ಬಂತು. ಸಿನಿಮಾಗಳು ತಮ್ಮ ಮಾತನ್ನು ತಾವೇ ಆಡಿಕೊಂಡು ಬಂದವು. ಬಯಲು ಖಾಲಿಯಾಯಿತು. ಉಳಿದದ್ದು ಹರಕೆ ಸಿನಿಮಾ ಒಂದೇ. ಕಾಯಿಲೆ ವಾಸಿಯಾದರೆ, ಲಾಟರಿ ಹೊಡೆದರೆ, ನಮ್ಮವರು ಹೊಳೆದಂಡೆಯ ಅಜ್ಜ ದೇವರಿಗೆ ಸಿನಿಮಾ ತೋರಿಸಿ ಹರಕೆ ತೀರಿಸುತ್ತಾರೆ. ಪರದೆ ಗುಡಿಗೆ ಮುಖ ಮಾಡಿರುತ್ತದೆ. ಮುಂದಿನ ಸಾಲಿನ ಕುರ್ಚಿಗಳು ದೇವರಿಗೆ ಮೀಸಲು, ಅಲ್ಲಿ ಯಾರೂ ಕೂರುವಂತಿಲ್ಲ. ಹಿಂದಿನ ಸಾಲುಗಳಲ್ಲಿ ಕೂರಬಹುದು, ಆದರೆ ಕೂರುವವರಿಲ್ಲ. ದೇವರನ್ನು ಮೈಕಿನಲ್ಲಿ ಆಹ್ವಾನಿಸುವುದಕ್ಕೆಂದು ಸಿನಿಮಾ ಗಾಡಿಯ ಯಜಮಾನ ಥೋಂಗ್‌ಬೈಯನ್ನು ಇಟ್ಟುಕೊಂಡಿದ್ದ. ಇವನೋ, ಆಹ್ವಾನ ಮುಗಿಸಿ, ಸಿನಿಮಾದ ಸದ್ದು ಆರಿಸಿ, ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ. ರಿಕ್ಷಾದವರು ನಿಂತು ನನ್ನ ಹತ್ತಿರ ಮೀನು ತಿಂದು ಹೋಗುತ್ತಿದ್ದರು. ಕೆಂಡ ಆರಿದ ಮೇಲೆ ನಾನೂ ಹೋಗುತ್ತಿದ್ದೆ. ಮನೆಯಲ್ಲಿ ಅವನಿಗೆ ಯಾರೂ ಇರಲಿಲ್ಲ. ಇಲ್ಲೂ ಇಲ್ಲ. ನೆನೆದರೆ ನನಗೆ ಸಂಕಟವಾಗುತ್ತಿತ್ತು.

ಒಂದು ದಿನ ಅವನೇ ಊದುಕಡ್ಡಿ ಹಚ್ಚಿ ಅಜ್ಜ ದೇವರ ಮುಂದೆ ಕೂತಿದ್ದ.

"ಏನಣ್ಣ, ಏನು ಕೇಳ್ಕೊಂಡೆ?"

"ಒಂದು ಜೀವ, ಒಂದೇ ಒಂದು ಜೀವ ಕೊನೇವರೆಗೂ ಕೂತ್ಕೊಳ್ಳಲಿ ಅಂದೆ. ಕೂತ್ರೆ ನನ್ನ ಖರ್ಚಲ್ಲೇ ಸಿನಿಮಾ ತೋರಿಸ್ತೀನಿ ಅಂದೆ."

"ಅಯ್ಯೋ ಹುಚ್ಚಪ್ಪ, ಲಾಟರಿ ಕೇಳೋದಲ್ವಾ!" ಎಂದು ನಕ್ಕೆ. ಅವನು ನಗಲಿಲ್ಲ.

ಮುಂದಿನ ಹರಕೆ ಅಕ್ಕಿ ಗಿರಣಿಯವರದು. ಅವತ್ತು ಒಬ್ಬಳು ಹುಡುಗಿ ಬಂದು ಎರಡನೇ ಸಾಲಿನಲ್ಲಿ ಕೂತಳು. ಕೂತವಳು ಅಲ್ಲಾಡಲಿಲ್ಲ. ಥೋಂಗ್‌ಬೈಗೆ ಹರೆಯ ಮರಳಿತು. ಅವನು ಅಷ್ಟು ಚೆನ್ನಾಗಿ ಅತ್ತದ್ದು, ಗದರಿದ್ದು, ಸರಸವಾಡಿದ್ದು ನಾನು ಕಂಡಿರಲಿಲ್ಲ. ಮುಗಿದ ಕೂಡಲೇ ಹುಡುಗಿಯ ಬಳಿಗೆ ಓಡಿದ.

"ತಾಯಿ, ಎಲ್ಲಿ ಉಸಿರು ಬಿಗಿಹಿಡ್ದೆ? ಸೇತುವೆ ಹತ್ರಾನಾ?"

"ಯಾವ ಸೇತುವೆ ಮಾಮ?" ಎಂದಳು ಹುಡುಗಿ. "ಯಾರೂ ಇಲ್ದಿದ್ರೆ ನೀವು ನಡುವೆ ಒಂದು ರೀಲು ನುಂಗಿ ಬೇಗ ಮುಗಿಸ್ತೀರಂತಲ್ಲ? ಹರಕೆ ಅರೆಬರೆ ಆಗ್ಬಾರ್ದು, ಕಾವಲು ಕೂತ್ಕೋ ಅಂತ ಗಿರಣಿ ಅಮ್ಮಾವ್ರು ಕಳ್ಸಿದ್ರು. ನಾನು ರೀಲು ತಿರುಗೋ ಮಿಷನ್ನೇ ನೋಡ್ತಿದ್ದೆ."

ನಮ್ಮಲ್ಲಿ ಹರಕೆಯ ಮಾತನ್ನು ಅಳೆದು ತೂಗಿ ಆಡಬೇಕು. ನಾವು ಆಡಿದಷ್ಟನ್ನೇ ದೇವರು ಕೊಡುತ್ತದೆ, ಕೊಟ್ಟ ಮೇಲೆ ವಸೂಲಿ ಬಿಡುವುದಿಲ್ಲ. ಇದು ಚಿಕ್ಕ ಮಕ್ಕಳಿಗೂ ಗೊತ್ತು. ಜೀವನವಿಡೀ ಮಾತನ್ನೇ ಉಂಡವನು "ಕೂತ್ಕೊಳ್ಳಲಿ" ಎಂದನೇ ಹೊರತು "ನನ್ನ ಮಾತಿಗೆ ಸೋತು" ಎಂದು ಸೇರಿಸಲು ಮರೆತಿದ್ದ. ಗುಡಿ ಕಾಯುವ ಮುದುಕ ಖಡಾಖಂಡಿತ ಹೇಳಿದ: "ಕೂತಳೋ ಇಲ್ವೋ? ಕೂತಳು. ತೀರಿಸಪ್ಪ."

ತೀರಿಸಿದ. ಯಜಮಾನನ ಗಾಡಿಯನ್ನೇ ಬಾಡಿಗೆಗೆ ಹಿಡಿದು ಒಬ್ಬನೇ ಬಂದ. ನಾನು ಒಲೆ ಹೂಡುತ್ತಿದ್ದರೆ ಹತ್ತಿರ ಬಂದು ಹೇಳಿದ:

"ಇವತ್ತು ನೀನು ಹೋಗು ಲಮ್‌ದುವನ್. ಕನಿಕರಕ್ಕೆ ಕೂತವ್ರ ಮುಂದೆ ನಂಗೆ ಬಾಯಿ ಬರಲ್ಲ."

"ಕನಿಕರ? ನಿನ್ನ ಮೇಲೆ? ನನ್ನ ಮೀನು ಮಾರೋಕೆ ಬಂದಿದೀನಿ ಕಣೋ!" ಎಂದು ರೇಗಿ, ಒಲೆಯನ್ನು ತಳ್ಳುಗಾಡಿಗೆ ಹಾಕಿಕೊಂಡು ಹೊರಟೆ.

ಸಿನಿಮಾ ಶುರುವಾಯಿತು. ಅವನ ದನಿ ರಸ್ತೆಯುದ್ದಕ್ಕೂ ನನ್ನ ಬೆನ್ನು ಹತ್ತಿ ಬಂತು. ಕತೆಯಲ್ಲಿ ದೋಣಿ ನಡೆಸುವ ಒಬ್ಬ ಹೆಂಗಸು. ಯುದ್ಧಕ್ಕೆ ಹೋದ ಗಂಡ ಎಷ್ಟೋ ವರ್ಷದ ಮೇಲೆ ಬಂದು ಅವಳ ದೋಣಿಯನ್ನೇ ಹತ್ತುತ್ತಾನೆ. ಗುರುತು ಹಿಡಿಯುವುದಿಲ್ಲ. ತನ್ನ ಹೆಂಡತಿಯ ಹೆಸರು ಹೇಳಿ, ಅವಳಿನ್ನೂ ಇದ್ದಾಳಾ ಎಂದು ಅವಳನ್ನೇ ಕೇಳುತ್ತಾನೆ. ನಾನು ನಡಿಗೆ ನಿಧಾನ ಮಾಡಿದೆ.

"ಅವಳಾ?" ಎಂದಳು ದೋಣಿಯವಳು, ಥೋಂಗ್‌ಬೈಯ ಗಂಟಲಲ್ಲಿ. "ಅವಳು..."

ದನಿ ನಿಂತುಹೋಯಿತು. ಕಾದೆ. ಇನ್ನೂ ಕಾದೆ. ಏನೂ ಬರಲಿಲ್ಲ. ಕೆಂಡವಿದ್ದ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಓಡಿದೆ.

ಅವನು ಮೈಕು ಆರಿಸಿ ತೊಡೆಯ ಮೇಲಿಟ್ಟುಕೊಂಡು ಖಾಲಿ ಕುರ್ಚಿಗಳನ್ನು ನೋಡುತ್ತ ಕೂತಿದ್ದ. ಪರದೆಯ ಮೇಲೆ ಗಂಡಸು ಉತ್ತರಕ್ಕಾಗಿ ಕಾಯುತ್ತಿದ್ದ, ಅವಳು ಹುಟ್ಟು ಹಾಕುತ್ತಿದ್ದಳು.

"ಏನಂದ್ಲು? ಅವಳು ಏನಂದ್ಲೋ?" ಎಂದು ಏದುಸಿರು ಬಿಡುತ್ತ ಕೇಳಿದೆ.

ಅವನು ನನ್ನ ಮುಖ ನೋಡಿದ. "ನೀನು ಒಳ್ಳೇವಳು. ಆದ್ರೆ ಸುಳ್ಳು ಹೇಳೋಕೆ ಬರಲ್ಲ ನಿಂಗೆ."

"ಅಜ್ಜ ದೇವರಾಣೆ! ನನ್ನ ಮಕ್ಕಳಾಣೆ! ಹೇಳೋ, ಏನಂದ್ಲು?"

ಆಣೆ ಇಟ್ಟಷ್ಟೂ ಅದು ಕನಿಕರದ ಹಾಗೆಯೇ ಕೇಳಿಸುತ್ತಿತ್ತು, ನನ್ನ ಕಿವಿಗೇ. ನಿನ್ನ ಮಾತು ನನ್ನನ್ನು ಹಿಡಿದು ನಿಲ್ಲಿಸಿತು ಎಂದು ನಂಬಿಸುವ ಒಂದೇ ಒಂದು ಮಾತು ನನ್ನ ಬಳಿ ಇರಲಿಲ್ಲ. ಅಂಥ ಮಾತುಗಳೆಲ್ಲ ಅವನ ಬಳಿ ಇದ್ದವು.

ಅವನು ಕೈ ಚಾಚಿ ಸಿನಿಮಾದ ಸದ್ದು ಹಾಕಿದ. ಬ್ಯಾಂಕಾಕಿನ ಯಾವಳೋ ನುಣುಪು ದನಿಯವಳು ಏನೋ ಒಂದು ಹೇಳಿದಳು. ಅದಲ್ಲ. ಅವಳು ಹೇಳಬೇಕಾಗಿದ್ದದ್ದು ಖಂಡಿತ ಅದಲ್ಲ.