ಹಮೀದಾಕರ ಎಡಗಡೆಯ ಸ್ಪೀಕರ್

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಆಡಿಯೋ ರಿಪೇರಿಯ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡಿದ್ದೆ. ಈಗಲೂ ಅಲ್ಲೇ ಇದ್ದೇನೆ. ಓದಿದ್ದು ಇಲೆಕ್ಟ್ರಾನಿಕ್ಸ್. ಆದರೆ ಕಾಲೇಜಿನಲ್ಲಿ ಜನ ನನ್ನನ್ನು ಗುರುತಿಸುತ್ತಿದ್ದುದು ಚರ್ಚಾಸ್ಪರ್ಧೆಯಿಂದ. ನಮಗೆ ಬೇಕಾದ ವಾಕ್ಯವನ್ನು ಎದುರಾಳಿಯ ಬಾಯಿಂದಲೇ ಹೊರಡಿಸಬೇಕು, ಹೊರಟ ಮೇಲೆ ಅದನ್ನು ಕೈಬಿಡಬಾರದು: ವೇದಿಕೆಯಲ್ಲಿ ನಾನು ಕಲಿತದ್ದು ಇದನ್ನು. ವೇದಿಕೆಯಿಂದ ಇಳಿದ ಮೇಲೂ ಅದನ್ನು ಬಿಡಲಿಲ್ಲ ಎನ್ನುವುದೇ ಈ ಬರಹದ ವಿಷಯ.

ನಮ್ಮ ಕಡೆ ದುಬಾರಿ ಸ್ಪೀಕರ್ ಸಾಕುವವರು ಕಡಿಮೆಯೇನಿಲ್ಲ. ಗಲ್ಫಿನಿಂದ ಹಡಗಿನಲ್ಲಿ ತರಿಸಿಕೊಂಡವರಿದ್ದಾರೆ, ಬೆಳ್ತಂಗಡಿಯಲ್ಲಿ ಹಲ್ಲು ಕಿತ್ತು ಸಂಪಾದಿಸಿದ್ದನ್ನು ಸ್ಪೀಕರಿಗೆ ಸುರಿದ ರಾಜೇಶ್ ಡಾಕ್ಟರಂಥವರೂ ಇದ್ದಾರೆ. ವೈರು ಬದಲಿಸಿದರೆ ಸ್ವರ ತೆರೆದುಕೊಂಡಿತು, ಕೆಳಗೆ ಕಲ್ಲಿಟ್ಟರೆ ಬಾಸ್ ಬಿಗಿಯಾಯಿತು ಎಂದು ಇವರು ಹೇಳುವಾಗಲೆಲ್ಲ ನನ್ನ ನಾಲಿಗೆ ತುರಿಸುತ್ತಿತ್ತು. ಅದಕ್ಕಾಗಿಯೇ ನಾನೊಂದು ಸ್ವಿಚ್ ಪೆಟ್ಟಿಗೆ ಮಾಡಿಕೊಂಡಿದ್ದೆ. ಒಳಗೆ ರಿಲೇ, ಅಂದರೆ ವಿದ್ಯುತ್ತಿನಿಂದ ತಾನೇ ಬದಲಾಗುವ ಸ್ವಿಚ್ಚು, ಬದಲಾಗುವಾಗ ಟಕ್ ಎನ್ನುತ್ತದೆ. ಉದ್ದದ ವೈರಿನ ತುದಿಯಲ್ಲಿ ಒಂದು ಗುಂಡಿ, ಒಂದು ಎಲ್‌ಇಡಿ ದೀಪ. ಸ್ಪೀಕರಿಗೆ ಬೆಡ್‌ಶೀಟ್ ಅಡ್ಡ ಕಟ್ಟುವುದು, ನಾನು ಪಕ್ಕದ ಕೋಣೆಯಲ್ಲಿ ಕೂತು ನಾಣ್ಯ ಚಿಮ್ಮಿ ಬದಲಿಸುವುದು, ಯಾವುದು ಯಾವುದೆಂದು ಮಾಲೀಕರು ಹೇಳುವುದು. ಅದುವರೆಗೆ ಯಾರೂ ಪಾಸಾಗಿರಲಿಲ್ಲ. ಅದು ನನಗೆ ಖುಷಿ ಕೊಡುತ್ತಿತ್ತು.

ಹಮೀದ್ ಅವರ ಹೆಸರು, ಗೌರವಕ್ಕೆ ಎಲ್ಲರೂ ಹಮೀದಾಕ ಎನ್ನುತ್ತಿದ್ದರು. ಬಂಟ್ವಾಳದವರು, ನನಗಿಂತ ನಲವತ್ತು ವರ್ಷ ದೊಡ್ಡವರು. ಸೌದಿಯ ದಮ್ಮಾಮಿನ ನೀರಿನ ಸ್ಥಾವರವೊಂದರಲ್ಲಿ ಇಪ್ಪತ್ತನಾಲ್ಕು ವರ್ಷ ಪಂಪುಗಳನ್ನು ನೋಡಿಕೊಂಡವರು. ನೋಡಿಕೊಂಡವರು ಎಂದರೆ ತಪ್ಪು, ಕೇಳಿಕೊಂಡವರು. ಉದ್ದದ ಸ್ಕ್ರೂಡ್ರೈವರಿನ ಒಂದು ತುದಿ ಮೋಟಾರಿಗೆ, ಇನ್ನೊಂದು ತುದಿ ಕಿವಿಯ ಬುಡಕ್ಕೆ ಒತ್ತಿ, ಯಾವ ಬೇರಿಂಗ್ ಎಷ್ಟು ದಿನ ಬದುಕುತ್ತದೆ ಎಂದು ಹೇಳುತ್ತಿದ್ದರಂತೆ. ಊರಿಗೆ ಬಂದ ಮೇಲೂ ಅಕ್ಕಪಕ್ಕದವರ ಬಾವಿಯ ಪಂಪುಗಳಿಗೆ ಅವರೇ ವೈದ್ಯರು. ಊರಿನಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಎರಡು ಕಿವಿಗಳದ್ದು.

ಅವರ ಸ್ಪೀಕರುಗಳು ಸೊಂಟದೆತ್ತರದವು, ದಮ್ಮಾಮಿನಲ್ಲಿ ಕೊಂಡವು. ಒಳಗಿನ ಕೆಪಾಸಿಟರ್ ಎಂಬ ಬಿಡಿಭಾಗಗಳಿಗೆ ವಯಸ್ಸಾಗಿತ್ತು. ಸ್ಪೀಕರ್ ಪೆಟ್ಟಿಗೆಯಲ್ಲಿ ಕ್ರಾಸ್‌ಓವರ್ ಎಂಬ ಭಾಗವಿರುತ್ತದೆ. ದಪ್ಪ ಸ್ವರವನ್ನು ದೊಡ್ಡ ವೂಫರಿಗೆ, ತೆಳು ಸ್ವರವನ್ನು ಸಣ್ಣ ಟ್ವೀಟರಿಗೆ ಹಂಚಿ ಕೊಡುವುದು ಅದರ ಕೆಲಸ. ಅಲ್ಲಿನ ಕೆಪಾಸಿಟರ್ ಬದಲಿಸಿ ಸುಧಾರಿಸಿಕೊಡಿ ಎಂದು ನನ್ನನ್ನು ಕರೆದರು. ಹೋಲಿಸಿ ನೋಡಬೇಕು, ಮೊದಲು ಎಡಗಡೆಯದ್ದು ಮಾತ್ರ ಮಾಡಿ ಎಂದೂ ಹೇಳಿದರು. ಅರ್ಧ ದಿನದಲ್ಲಿ ಮಾಡಿಕೊಟ್ಟೆ.

ಮೂರನೇ ದಿನ ಫೋನ್ ಬಂತು. ಎಡಗಡೆಯದರಲ್ಲಿ ಹಾಡುವವರು ಹಿಂದೆ ಸರಿದಿದ್ದಾರೆ, ಸ್ವರ ಇರಬೇಕಾದ ಜಾಗದಲ್ಲಿ ಹೊಂಡ ಬಿದ್ದಿದೆ ಎಂದರು. ಕೆಪಾಸಿಟರುಗಳನ್ನು ಹಾಕುವ ಮೊದಲು ಮೀಟರಿನಲ್ಲಿ ಅಳೆದಿದ್ದೇನೆ, ಎಲ್ಲ ಸರಿ ಇವೆ ಎಂದೆ. ಅವರು ಒಪ್ಪಲಿಲ್ಲ. ವಾದ ತುಳುವಿನಲ್ಲಿ ಶುರುವಾಗಿತ್ತು. ಗೆಲ್ಲಬೇಕೆನಿಸಿದಾಗ ನಾನು ಕನ್ನಡಕ್ಕೆ ತಿರುಗುತ್ತೇನೆ, ವೇದಿಕೆಯ ಅಭ್ಯಾಸ. ನಿರೀಕ್ಷೆ ಇದ್ದಲ್ಲಿ ಮೆದುಳು ವ್ಯತ್ಯಾಸವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ ಎಂದು ಸಣ್ಣ ಭಾಷಣ ಮಾಡಿದೆ. ಹಮೀದಾಕ ಪೂರ್ತಿ ಕೇಳಿ, "ನಿಮ್ಮ ಪೆಟ್ಟಿಗೆ ತನ್ನಿ, ಪರೀಕ್ಷೆ ಮಾಡುವ" ಎಂದರು.

ಭಾನುವಾರ ಬೆಳಿಗ್ಗೆ ಹೋದೆ. ಪ್ರೇಕ್ಷಕರೂ ಇರಲಿ ಎಂದು ರಾಜೇಶ್ ಡಾಕ್ಟರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಹಮೀದಾಕರ ಮಗಳು ರಮ್ಲತ್ ಚಹಾ ತಂದಿಟ್ಟು ಬಾಗಿಲ ಬಳಿ ನಿಂತಳು. ಅಪ್ಪ ಒಮ್ಮೆ ಕಿವಿಯನ್ನು ವೈದ್ಯರಿಗೆ ತೋರಿಸಿಕೊಳ್ಳಲಿ ಎಂದು ಅವಳು ಮೊದಲಿನಿಂದಲೂ ಹೇಳುತ್ತಿದ್ದಳಂತೆ. ಎರಡೂ ಸ್ಪೀಕರುಗಳನ್ನು ಒತ್ತಟ್ಟಿಗೆ ನಿಲ್ಲಿಸಿ, ಬೆಡ್‌ಶೀಟ್ ಕಟ್ಟಿ, ನಾನು ಪಕ್ಕದ ಕೋಣೆ ಸೇರಿದೆ. ಹದಿನಾರು ಸುತ್ತು. ಹನ್ನೆರಡು ಸರಿಯಾದರೆ ಅವರು ಗೆದ್ದಂತೆ ಎಂದು ಮೊದಲೇ ಮಾತಾಗಿತ್ತು.

ಮೊದಲ ಐದು ಸುತ್ತಿಗೂ ಹಮೀದಾಕರ ಉತ್ತರ ಒಂದೇ: "ಬಲದ್ದು."

ಆರನೆಯದಕ್ಕೆ ಅವರು ಕೂಗಿ ಕೇಳಿದರು, "ಇಂಜಿನಿಯರ್ರೇ, ನೀವು ಬದಲಿಸ್ತಾ ಉಂಟಾ? ನಿಮ್ಮ ಪೆಟ್ಟಿಗೆಯ ಟಕ್ ಎನ್ನುವ ಸದ್ದೇ ಇಲ್ಲವಲ್ಲ."

ನನ್ನ ಕೈಯಲ್ಲಿ ಎಲ್‌ಇಡಿ ಉರಿಯುತ್ತಿತ್ತು. "ಟಕ್ ಕೇಳಿ ಹೇಳುವುದಲ್ಲ ಹಮೀದಾಕ, ಹಾಡು ಕೇಳಿ ಹೇಳಿ" ಎಂದೆ. ರಾಜೇಶ್ ಡಾಕ್ಟರ್ ನಕ್ಕರು.

"ಹಾಡು ಕೇಳಿಯೇ ಹೇಳುವುದು. ನನಗೆ ಬಲದ್ದೊಂದೇ ಬರ್ತಾ ಉಂಟು."

"ನಾಣ್ಯ ಹದಿನಾರು ಸಲವೂ ಒಂದೇ ಕಡೆ ಬೀಳುವುದಿಲ್ಲ. ಎರಡೂ ಒಂದೇ ಹಾಗೆ ಕೇಳ್ತದೆ ಎಂದು ಒಪ್ಪಿಕೊಳ್ಳಿ, ಇಲ್ಲದಿದ್ದರೆ ಆರಿಸಿ ಹೇಳಿ."

ಆಮೇಲೆ ಅವರು ಆರಿಸತೊಡಗಿದರು. ಎಡ, ಬಲ, ಬಲ, ಎಡ. ಸ್ವರದಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಹದಿನಾರರಲ್ಲಿ ಏಳು ಸರಿ. ಹೊರಗೆ ಬಂದು ಹಾಳೆಯನ್ನು ಎಲ್ಲರಿಗೂ ತೋರಿಸಿದೆ. ತೋರಿಸಬೇಕಾದ ಅಗತ್ಯ ಇರಲಿಲ್ಲ. ಹಮೀದಾಕ ಹಾಳೆಯನ್ನು ನೋಡಲೇ ಇಲ್ಲ. ಮಗಳ ಕಡೆ ತಿರುಗಿ, "ನೀನು ಹೇಳಿದ್ದು ಸರಿ ಇರಬೇಕು" ಎಂದರು.

ಅದಾದ ನಾಲ್ಕನೇ ದಿನ ರಾಜೇಶ್ ಡಾಕ್ಟರು ತಮ್ಮ ದುಬಾರಿ ಸ್ಪೀಕರ್ ವೈರನ್ನೂ ಪರೀಕ್ಷಿಸಬೇಕೆಂದರು. ಹೊರಡುವ ಮುಂಚೆ ಪೆಟ್ಟಿಗೆ ತೆಗೆದು ಗುಂಡಿ ಒತ್ತಿದೆ. ದೀಪ ಉರಿಯಿತು. ಟಕ್ ಎನ್ನಲಿಲ್ಲ. ಮೀಟರ್ ಹಿಡಿದರೆ ಒಂಬತ್ತು ವೋಲ್ಟಿನ ಬ್ಯಾಟರಿ ಆರಕ್ಕೆ ಇಳಿದಿತ್ತು. ದೀಪ ಉರಿಯಲು ಅಷ್ಟು ಸಾಕು. ರಿಲೇಯ ಸ್ವಿಚ್ಚನ್ನು ಎಳೆದು ಬದಲಿಸಲು ಸಾಲದು. ರಿಲೇ ಎಳೆಯದಿದ್ದರೆ ಬಲಗಡೆಯ ಸ್ಪೀಕರ್ ಮಾತ್ರ ಹಾಡುತ್ತದೆ, ವೈರು ಜೋಡಿಸಿದ್ದೇ ಹಾಗೆ. ಅಂದರೆ ಆ ಭಾನುವಾರ ಹದಿನಾರು ಸುತ್ತೂ ಬಲಗಡೆಯದ್ದೇ ಹಾಡಿತ್ತು. ಬೆಡ್‌ಶೀಟಿನ ಆಚೆ ಕೂತು ಹಮೀದಾಕ ಹೇಳಿದ್ದೂ ಅದನ್ನೇ.

ಆ ಕ್ಷಣವೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ತಲೆಯೊಳಗೆ ಅದಾಗಲೇ ಒಂದು ವಾದ ಸಿದ್ಧವಾಗಿತ್ತು. ಪರೀಕ್ಷೆ ಅಸಿಂಧುವಾದ ಮಾತ್ರಕ್ಕೆ ಎಡಗಡೆಯದರಲ್ಲಿ ದೋಷವಿದೆ ಎಂದು ಸಾಬೀತಾಗುವುದಿಲ್ಲ, ಹಾಗಾಗಿ ಹೇಳುವಂಥದ್ದು ಏನೂ ಇಲ್ಲ. ತರ್ಕದಲ್ಲಿ ಇದಕ್ಕೆ ತಪ್ಪು ಹುಡುಕಲು ಇವತ್ತಿಗೂ ನನ್ನಿಂದ ಆಗುವುದಿಲ್ಲ. ಅದೇ ನಾಚಿಕೆಯ ಸಂಗತಿ. ಹೊಸ ಬ್ಯಾಟರಿ ಹಾಕಿ ಬೆಳ್ತಂಗಡಿಗೆ ಹೋದೆ, ಡಾಕ್ಟರನ್ನು ಸೋಲಿಸಿದೆ. ಅವರು ನಗುತ್ತಾ, ಪಂಪಿನ ಕಿವಿಯೇ ಸೋತ ಮೇಲೆ ನನ್ನದೇನು ಎಂದರು. ನಾನೂ ನಕ್ಕೆ. ಆ ವಾರವೇ ಉಜಿರೆಯ ಕಾಲೇಜೊಂದರಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ಮಾತನಾಡಲು ಕರೆದಿದ್ದರು. ಹದಿನಾರರಲ್ಲಿ ಏಳು ಎಂಬ ಕಥೆಯನ್ನು ಹೆಸರು ಹೇಳದೆ ಅಲ್ಲೂ ಹೇಳಿದೆ. ಚಪ್ಪಾಳೆ ಬಿತ್ತು. ಆಗ ಬ್ಯಾಟರಿಯ ವಿಷಯ ನನಗೆ ಗೊತ್ತಿತ್ತು.

ಎರಡು ತಿಂಗಳಾದ ಮೇಲೆ ರಮ್ಲತ್ ಫೋನ್ ಮಾಡಿದಳು. ಅಪ್ಪ ಸ್ಪೀಕರ್ ಹಾಕುವುದನ್ನೇ ಬಿಟ್ಟಿದ್ದಾರೆ, ಯಾರಾದರೂ ಕೊಳ್ಳುವವರಿದ್ದರೆ ಕೊಟ್ಟುಬಿಡಿ ಎನ್ನುತ್ತಿದ್ದಾರೆ ಎಂದಳು. ಪಿಕಪ್ಪಿನಲ್ಲಿ ಎರಡನ್ನೂ ಮೂಡುಬಿದಿರೆಗೆ ತರಿಸಿದೆ. ಕೊಳ್ಳುವವರಿಗೆ ತೋರಿಸಲೆಂದು ಮೈಕ್ ಇಟ್ಟು, ಮೊದಲ ಸಲ ಇಡೀ ಸ್ಪೀಕರನ್ನು ಅಳೆದೆ. ಬಿಡಿಭಾಗ ಅಳೆಯುವುದು ಬೇರೆ, ಜೋಡಿಸಿದ ಮೇಲೆ ಅಳೆಯುವುದು ಬೇರೆ. ಎರಡನೆಯದನ್ನು ನಾನು ಮಾಡಿಯೇ ಇರಲಿಲ್ಲ. ಪರದೆಯ ಮೇಲೆ ಮೂಡಿದ ಎಡಗಡೆಯದರ ಗೆರೆಯಲ್ಲಿ, ಹಾಡುವವರ ಸ್ವರ ಬರುವ ಜಾಗದಲ್ಲಿ, ಆಳವಾದ ಹೊಂಡ. ಹಮೀದಾಕ ಫೋನಿನಲ್ಲಿ ಬಳಸಿದ್ದು ಅದೇ ಪದ. ಬಿಚ್ಚಿ ನೋಡಿದರೆ ಟ್ವೀಟರಿನ ಕೆಂಪು ಮತ್ತು ಕಪ್ಪು ವೈರುಗಳು ಅದಲುಬದಲಾಗಿದ್ದವು. ವೂಫರ್ ಮುಂದಕ್ಕೆ ತಳ್ಳುವಾಗ ಟ್ವೀಟರ್ ಹಿಂದಕ್ಕೆ ಎಳೆಯುತ್ತಿತ್ತು. ಬೆಸುಗೆ ನನ್ನದೇ. ನೀಟಾಗಿ, ಹೊಳೆಯುತ್ತಾ ಇತ್ತು.

ಸರಿ ಮಾಡಿ, ಮರುದಿನ ಅದೇ ಪಿಕಪ್ಪಿನಲ್ಲಿ ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಹೋದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸುತ್ತಿದ್ದೆ. ಹಮೀದಾಕ ಜಗಲಿಯಲ್ಲಿ ಕೂತಿದ್ದರು. ಜೋಡಿಸಿದ್ದೆಲ್ಲ ಮರೆತು ಬ್ಯಾಟರಿಯಿಂದ ಹಿಡಿದು ವೈರಿನವರೆಗೆ ಹೇಳಿಬಿಟ್ಟೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಬ್ಯಾಟರಿಯದ್ದು ಗೊತ್ತಾದದ್ದು ಯಾವಾಗ?"

"ನಾಲ್ಕನೇ ದಿನ."

ಅವರು ಬೇಲಿಯಾಚೆಯ ಮನೆಯತ್ತ ಕೈ ತೋರಿಸಿದರು. "ಅಲ್ಲಿ ಲೀನಾ ಬಾಯಿಯ ಬಾವಿ ಉಂಟು. ಹೋದ ತಿಂಗಳು ದಿನಾ ಬೆಳಿಗ್ಗೆ ಅವರ ಪಂಪಿನ ಬೇರಿಂಗ್ ಕೂಗುವುದು ನನಗೆ ಕೇಳ್ತಾ ಇತ್ತು. ನನ್ನ ಕಿವಿಯದ್ದೇ ದೋಷ ಅಂತ ಗ್ರಹಿಸಿದೆ. ಹೇಳ್ಲಿಲ್ಲ. ಮೋಟಾರು ಸುಟ್ಟು ಹೋಯಿತು. ಅಷ್ಟು ಪ್ರಾಯವಾದವರು ಒಂದು ವಾರ ಕೊಡಪಾನದಲ್ಲಿ ನೀರು ಎಳೆದರು ಮಾರಾಯ್ರೆ."

ಹೋಗಿ ಪಿಕಪ್ಪಿನ ಹಗ್ಗ ಬಿಚ್ಚಿದೆ. ಒಂದು ವಾದ ಸಿಕ್ಕಿದ್ದರೆ ಅದನ್ನೂ ಹೇಳಿಬಿಡುತ್ತಿದ್ದೆನೋ ಏನೋ, ನನ್ನ ಸ್ವಭಾವ ಅಂಥದ್ದು.

ಸ್ಪೀಕರುಗಳನ್ನು ಒಳಗಿಟ್ಟು ಹಾಡು ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. "ಎಡದ್ದು ಈಗ ಸರಿ ಉಂಟು. ಆದರೆ ಹಿಂದೆ ಎಂತದೋ ಅದುರ್ತಾ ಉಂಟು." ಹಿಂದೆ ಹೋಗಿ ನೋಡಿದೆ. ತವಕದಲ್ಲಿ ಒಂದು ಸ್ಕ್ರೂ ಬಿಗಿ ಮಾಡದೆ ಬಿಟ್ಟಿದ್ದೆ. ಬಿಗಿ ಮಾಡಿದೆ. ಹೊರಡುವಾಗ ಅವರು ಹೇಳಿದರು: "ಲೀನಾ ಬಾಯಿಗೆ ನೀವೇ ಹೇಳಿ ಹೋಗಿ. ನಾನು ಹೇಳಿದರೆ ಮುದುಕ ಬಡಾಯಿ ಕೊಚ್ಚಿದ ಹಾಗೆ ಆಗ್ತದೆ."

ಬೇಲಿ ದಾಟಿ ಹೋದೆ. ಬಾವಿಕಟ್ಟೆಯ ಬಳಿ ಪಾತ್ರೆ ತೊಳೆಯುತ್ತಿದ್ದ ವಯಸ್ಸಾದ ಹೆಂಗಸು, ಲೀನಾ ಬಾಯಿಯೇ ಇರಬೇಕು, ತಲೆಯೆತ್ತಿ, ಯಾರು ಬೇಕಿತ್ತು ಎಂದು ಕೇಳಿದರು. ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನು ಗೆದ್ದ ಬಾಯಿಗೆ ಮೊದಲ ವಾಕ್ಯ ಸಿಗಲಿಲ್ಲ. ಕೊನೆಗೆ, ನಿಮ್ಮ ಪಂಪು ಸುಟ್ಟದ್ದರಲ್ಲಿ ನನ್ನದೂ ಪಾಲುಂಟು ಎಂಬಲ್ಲಿಂದ ಶುರು ಮಾಡಿದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಹಮೀದರ ಕಿವಿ ಸರಿ ಇದೆ ಎನ್ನುವುದು ಮಾತ್ರ ಅರ್ಥವಾಯಿತು. ಹೊಸ ಪಂಪಿನ ಸದ್ದೂ ಅವರೊಮ್ಮೆ ಕೇಳಲಿ, ಬರಲು ಹೇಳಿ ಎಂದರು.

ನನ್ನ ಸಂದೇಹ ಹೋಗಿಲ್ಲ. ದುಬಾರಿ ವೈರುಗಳನ್ನು ಈಗಲೂ ನಂಬುವುದಿಲ್ಲ, ಪೆಟ್ಟಿಗೆಯನ್ನೂ ಎಸೆದಿಲ್ಲ. ಆದರೆ ಅನುಮಾನದ ಸಾಲಿನಲ್ಲಿ ಈಗ ನನ್ನ ಕೈಕೆಲಸ ಮೊದಲು ನಿಲ್ಲುತ್ತದೆ, ಮಾಲೀಕರ ಕಿವಿ ಕೊನೆಗೆ. ಸ್ಪೀಕರ್ ಮುಟ್ಟುವ ಮುಂಚೆ ಅವರಿಗೆ ಕೇಳಿಸುವುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುತ್ತೇನೆ. ಪರೀಕ್ಷೆಗೆ ಮುಂಚೆ ಪೆಟ್ಟಿಗೆಯನ್ನು ಅವರ ಮುಂದಿಟ್ಟು ಗುಂಡಿ ಒತ್ತಿ, ಟಕ್ ಕೇಳಿಸಿತಾ ಎಂದು ಕೇಳುತ್ತೇನೆ. ಇಲ್ಲ ಎಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ದೀಪ ಉರಿಯುತ್ತಿದ್ದರೂ.