ಗಡ್ಡೆಯಲ್ಲಿ ಕಳೆದ ದಸರಾ ರಜೆ

ದ್ವೀಪವೆಂದ ಕೂಡಲೇ ನಿಮ್ಮ ಮನಸ್ಸು ಸಮುದ್ರವನ್ನೇ ಏಕೆ ಹುಡುಕುತ್ತದೆ? ಗಂಗಾವತಿಯಿಂದ ಅರ್ಧ ತಾಸು ಪ್ರಯಾಣ ಮಾಡಿದರೆ ತುಂಗಭದ್ರೆ ಹೆಬ್ಬಂಡೆಗಳ ನಡುವೆ ಕವಲೊಡೆದು ಹರಿಯುವುದು ಕಾಣುತ್ತದೆ. ಕವಲುಗಳ ನಡುವೆ ಉಳಿದ ನೆಲಕ್ಕೆ ಗಡ್ಡೆ, ನಮ್ಮ ಜನರ ಬಾಯಲ್ಲಿ ಗಡ್ಡಿ, ಎನ್ನುತ್ತಾರೆ. ಸುತ್ತಲೂ ನೀರು, ನಡುವೆ ನೆಲ. ದ್ವೀಪದ ಲಕ್ಷಣವಾಗಿ ಇದಕ್ಕಿಂತ ಹೆಚ್ಚಿನದನ್ನು ಯಾವ ಪಠ್ಯಪುಸ್ತಕವೂ ಕೇಳುವುದಿಲ್ಲ.

ಕೊಪ್ಪಳ ಹೊಸ ಜಿಲ್ಲೆಯಾದ ಮರುವರ್ಷದ ದಸರಾ ರಜೆಯ ಮೊದಲ ದಿನ, ಕಾಲೇಜಿನ ಚರ್ಚಾಕೂಟದ ನಾವು ಐವರು ಅಂಥದೊಂದು ಗಡ್ಡೆಗೆ ಹೋದೆವು. ಮೂವರು ಹುಡುಗರು, ಇಬ್ಬರು ಹುಡುಗಿಯರು. ಹುಡುಗಿಯರಲ್ಲಿ ಒಬ್ಬಳು ತಾವರಗೇರಾದ ದರ್ಜಿಯೊಬ್ಬರ ಮಗಳು. ಗಂಗಾವತಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ವೇದಿಕೆಯ ಮೇಲೆ ನನ್ನ ವಾದವನ್ನು ನಾಲ್ಕು ಮಾತಿನಲ್ಲಿ ಮುರಿಯುತ್ತಿದ್ದ ಆಕೆಗೆ ಮನೆಯಲ್ಲಿ ಒಂದು ದಿನದ ಅನುಮತಿ ಪಡೆಯಲು ಎರಡು ವಾರ ಹಿಡಿದಿತ್ತು. ಅಂದು ಸಂಜೆ ಅವಳನ್ನು ಊರಿಗೆ ಕರೆದೊಯ್ಯಲು ಅವಳ ತಂದೆಯೇ ಗಂಗಾವತಿಗೆ ಬರುವವರಿದ್ದರು. ಅವರ ಷರತ್ತನ್ನು ಅವಳು ದಾರಿಯಲ್ಲೇ ನಮಗೆ ತಿಳಿಸಿದ್ದಳು.

"ಮಸೂತ್ಯಾಗ ಸಂಜಿ ಬಾಂಗ್ ಆಗೂದರಾಗ ನಾ ಚಿಗವ್ವನ ಮನಿಯಾಗ ಇರಬೇಕು. ಇಲ್ಲಾಂದ್ರ ನನ್ನ ಓದು ಬಂದ್, ರಜಾ ಮುಗಿದ ಮ್ಯಾಲ ನನ್ನ ಜಾಗಾದಾಗ ಬ್ಯಾರೆಯವರನ್ನ ಹುಡುಕ್ಕೊಳ್ರಿ. ಅಬ್ಬಾ ಹೇಳಿದ್ದು ಚಾಷ್ಟಿಗಲ್ಲ."

ಹೊತ್ತು ಇಳಿಯುವ ಮೊದಲೇ ಹೊರಡುವುದೆಂದು ಎಲ್ಲರೂ ಮಾತು ಕೊಟ್ಟೆವು.

ನಮ್ಮನ್ನು ದಾಟಿಸಿದವರು ಐವತ್ತು ದಾಟಿದ ಅಂಬಿಗರು. ನಾವು ಅವರನ್ನು ಕಾಕಾ ಎಂದೆವು. ಬಿದಿರಿನಿಂದ ಹೆಣೆದು, ಚೀಲ ಹೊದಿಸಿ, ಡಾಂಬರು ಬಳಿದ ದುಂಡನೆಯ ಹರಗೋಲು ಅವರದು. "ಚಪ್ಪಲ್ ಕಳೀರಿ, ಸುತ್ತ ಸಮಾ ಕುಂದರ್ರಿ. ನಿಂತು ಭಾಷಣಾ ಮಾಡೂದೇನಿದ್ರೂ ಗಡ್ಡಿ ಮ್ಯಾಲ" ಎಂದರು. ನಾವು ಚರ್ಚಾಕೂಟದವರೆಂಬುದು ಅವರಿಗೆ ಅಷ್ಟರಲ್ಲೇ ತಿಳಿದಿತ್ತು.

ಗಡ್ಡೆ ತಲುಪಿದ ಮೇಲೆ ಅವರು ಒಂದು ಕೆಲಸ ಮಾಡಿದರು. ಮೈತುಂಬ ಸುಣ್ಣ ಬಳಿದು ನಡುವೆ ಕುಂಕುಮ ಹಚ್ಚಿದ್ದ, ತೆಂಗಿನಕಾಯಿಗಿಂತ ದೊಡ್ಡದಾದ ಕಲ್ಲೊಂದನ್ನು ನೀರಿನಿಂದ ಒಂದು ಮೊಳ ಮೇಲೆ ಊರಿ, ಎರಡು ಸಲ ಕಾಲಿನಿಂದ ಒತ್ತಿ ನೋಡಿದರು.

"ಈ ಕಲ್ಲು ಮುಟ್ಟಬ್ಯಾಡ್ರಿ. ಇದಕ್ಕ ನೀರು ಮುಟ್ಟಿದ್ರ..."

"ನೀರು ಮುಟ್ಟಿದರೆ ದೇವರಿಗೆ ಮೈಲಿಗೆಯೇ, ಕಾಕಾ?" ಎಂದು ನಾನು ನಡುವೆಯೇ ಕೇಳಿದೆ.

ಕೇಳಿದ್ದು ಉತ್ತರಕ್ಕಾಗಿ ಅಲ್ಲ. ಎದುರಾಳಿಯ ವಾಕ್ಯ ಮುಗಿಯುವ ಮೊದಲೇ ಅದನ್ನು ತುಂಡರಿಸುವುದು ಚರ್ಚೆಯ ಮೊದಲ ಪಾಠವೆಂದು ನಾನು ಕಲಿತಿದ್ದೆ. ಕಲ್ಲಿಗೆ ಕುಂಕುಮ ಹಚ್ಚಿ ಜನರ ವಿವೇಕವನ್ನು ಕಟ್ಟಿಹಾಕುವ ಕುರಿತು ಅಲ್ಲೇ ನಾಲ್ಕು ಮಾತಾಡಿದೆ. ಎಲ್ಲರೂ ನಕ್ಕರು. ದರ್ಜಿಯ ಮಗಳೂ ನಕ್ಕಳು. ಅಷ್ಟರಲ್ಲಿ ಆಚೆ ದಡದಿಂದ ಯಾರೋ ಕೂಗಿದರು. "ಆತ್ರಿ ಸಾಹೇಬ್ರ, ನೀವು ಓದಿದವ್ರು. ಕಲ್ಲಿನ ಮ್ಯಾಲ ಅಲ್ಲಿಂದ ನಾನ ಕಣ್ಣಿಟ್ಟಿರ್ತೀನಿ" ಎಂದು ಕಾಕಾ ಹರಗೋಲು ತಿರುಗಿಸಿದರು.

ಆ ಬೆಳಗಿನಷ್ಟು ಸುಖ ನನಗೆ ಮುಂದೆ ಬಹಳ ಸಲ ಸಿಕ್ಕಿಲ್ಲ. ಬಂಡೆಗಳ ನಡುವೆ ನಿಂತ ನೀರಿನ ಮಡುವಿಗೆ ಎದೆಯೆತ್ತರದ ಕಲ್ಲಿನಿಂದ ಜಿಗಿದೆವು. ಮೊದಲು ಉದ್ದನೆಯ ಕೋಲಿನಿಂದ ಆಳ ನೋಡಿಯೇ ಜಿಗಿದದ್ದು, ಅಷ್ಟು ಬುದ್ಧಿ ನಮಗಿತ್ತು. ಹಸಿ ಮರಳಿನ ಮೇಲೆ ನೀರುನಾಯಿಯ ಹೆಜ್ಜೆಗಳನ್ನು ಹಿಡಿದು ನಡೆದು, ಅದು ಮೀನು ತಿಂದು ಬಿಟ್ಟ ಮುಳ್ಳುಗಳನ್ನು ಕಂಡೆವು, ಪ್ರಾಣಿಯನ್ನು ಕಾಣಲಿಲ್ಲ. ಬೆನ್ನಿಗೆ ಬಂಡೆ, ಎದುರಿಗೆ ಬಂಡೆ ಒತ್ತಿಕೊಂಡು ಬಿರುಕಿನೊಳಗೆ ಏರುವುದನ್ನು ದರ್ಜಿಯ ಮಗಳು ನಮಗಿಂತ ಬೇಗ ಕಲಿತಳು. ತುದಿಯಲ್ಲಿ ಕುಳಿತು ಕಾಲುವೆಯ ಕಡೆಯ ಹಸಿರು ಗದ್ದೆಗಳನ್ನು ಬಹಳ ಹೊತ್ತು ನೋಡಿದಳು. "ನಮ್ಮೂರಾಗ ಕೊಡಾ ನೀರಿಗೆ ಪಾಳಿ ಹಚ್ಚತೀವಿ. ಇಲ್ಲಿ ನೀರು ಯಾರನ್ನೂ ಕೇಳದ ಹೊಂಟೈತಿ" ಎಂದಳು.

ಮಧ್ಯಾಹ್ನ ಅಡುಗೆಗೆ ಒಲೆ ಹೂಡಬೇಕಾಯಿತು. ಎರಡು ಕಲ್ಲು ಸಿಕ್ಕವು, ಅದೇ ಎತ್ತರದ ಮೂರನೆಯದು ಸಿಗಲಿಲ್ಲ. ಆಗ ನಾನು ಕೆಳಗಿಳಿದು ಸುಣ್ಣದ ಕಲ್ಲನ್ನು ಹೊತ್ತು ತಂದೆ. "ಇವತ್ತು ಈ ದೇವರು ಅನ್ನ ಬೇಯಿಸಲಿ" ಎಂದು ಘೋಷಿಸಿದೆ. ಚಪ್ಪಾಳೆ ಬಿತ್ತು. ಅನ್ನ, ಮೀನಿನ ಸಾರು, ಹುಣಸೆ ಚಟ್ನಿ ಉಂಡು ಬಂಡೆಯ ನೆರಳಿನಲ್ಲಿ ಮಲಗಿದೆವು.

ನಮ್ಮನ್ನು ಎಬ್ಬಿಸಿದವಳು ಅವಳೇ. "ಏಳ್ರಿ. ನನ್ನ ಚಪ್ಪಲ್ ತೇಲಿ ಹೋದವು" ಎಂದಳು. ಚಪ್ಪಲಿ ಬಿಟ್ಟಿದ್ದ ಹಾಸುಗಲ್ಲು ಕಾಣುತ್ತಿರಲಿಲ್ಲ. ಮೇಲಿನ ಅಣೆಕಟ್ಟೆಯಿಂದ ನೀರು ಬಂದಿತ್ತು. ಬೆಳಿಗ್ಗೆ ಸದ್ದಿಲ್ಲದೆ ಹರಿಯುತ್ತಿದ್ದ ಕವಲು ಈಗ ಕಲ್ಲುಗಳ ನಡುವೆ ನೊರೆಯೆಬ್ಬಿಸುತ್ತಿತ್ತು. ಅವಳು ಬಂಡೆಯೇರಿ ಓಢಣಿ ಬೀಸಿದಳು. ಕಾಕಾ ಕಂಡವರೇ ಹರಗೋಲು ನೀರಿಗೆ ತಳ್ಳಿದರು. ನೇರ ಬರಲಾಗದೆ, ದಡಗುಂಟ ಬಹಳ ದೂರ ಮೇಲಕ್ಕೆ ಎಳೆದೊಯ್ದು, ಅಲ್ಲಿಂದ ಗಿರ್ರನೆ ತಿರುಗುತ್ತ ಬಂದು ಗಡ್ಡೆ ಹಿಡಿಯುವಷ್ಟರಲ್ಲಿ ಹೊತ್ತು ಇಳಿದಿತ್ತು.

ಬಂದವರು ಮೊದಲು ನೋಡಿದ್ದು ಒಲೆಯನ್ನು.

"ಅಲ್ಲಿಂದ ನೋಡಿದ್ರ ಬೆಳ್ಳಗ ಕಾಣಸ್ತಿತ್ತು. ಕಲ್ಲು ಒಣಗೇತಿ, ಹುಡುಗ್ರು ಆಡ್ಲಿ ಅಂತ ಕುಂತಿದ್ದೆ" ಎಂದರು. ನೀರು ಕಲ್ಲು ಮುಟ್ಟಿತೆಂದರೆ ಹರಗೋಲು ಕೂಡಲೇ ಹೊರಡಬೇಕು, ಅದು ಮುಳುಗಿತೆಂದರೆ ಮರುದಿನದವರೆಗೆ ದಾಟುವಂತಿಲ್ಲ. ಅವರು ಬೆಳಿಗ್ಗೆ ಹೇಳಹೊರಟ ವಾಕ್ಯ ಅದು.

"ಮತ್ತೆ ಕುಂಕುಮ ಯಾಕೆ, ಕಾಕಾ?" ಎಂದು ಕೇಳಿದೆ.

"ಕುಂಕುಮ ಹಚ್ಚಿದ್ರ ಯಾರೂ ಮುಟ್ಟಂಗಿಲ್ಲಂತ ಹಚ್ಚೀನಪಾ. ಮುಟ್ಟವ್ರೂ ಬರ್ತಾರಂತ ಗೊತ್ತಿರಲಿಲ್ಲ."

ಆ ಸೆಳೆತದಲ್ಲಿ ಇನ್ನು ಒಂದೇ ಸಲ, ಅದೂ ಹಗುರವಾಗಿ ಮಾತ್ರ ದಾಟಬಹುದು ಎಂದರು. ಇಬ್ಬರು ಹುಡುಗಿಯರನ್ನು ಕೂರಿಸಿಕೊಂಡರು. ನಾವು ಮೂವರು ಉಳಿದ ಅನ್ನದೊಂದಿಗೆ ಗಡ್ಡೆಯ ಎತ್ತರದ ಬಂಡೆಯ ಮೇಲೆ ಉಳಿದೆವು. ಹರಗೋಲು ತಿರುಗುವಾಗಲೆಲ್ಲ ಅವಳ ಮುಖ ಒಮ್ಮೆ ನಮ್ಮ ಕಡೆಗೆ, ಒಮ್ಮೆ ಮುಳುಗುವ ಸೂರ್ಯನ ಕಡೆಗೆ ಬರುತ್ತಿತ್ತು. ಅವಳ ಓದು ಆ ನೀರಿನಲ್ಲಿ ಹೋಗುತ್ತಿದೆ, ಕಳುಹಿಸಿದವನು ನಾನು ಎಂಬುದು ಅಂದು ಮೊದಲ ಬಾರಿಗೆ ಯಾವ ವಾದಕ್ಕೂ ನಿಲುಕದೆ ನನ್ನೆದುರು ನಿಂತಿತ್ತು.

ಬೆಳಿಗ್ಗೆ ನೀರಿಳಿದ ಮೇಲೆ ಕಾಕಾ ಬಂದು ನಮ್ಮನ್ನು ದಾಟಿಸಿದರು. ಹಿಂದಿನ ಸಂಜೆ ಗಂಗಾವತಿಯವರೆಗೂ ಅವರೇ ಟೆಂಪೋದಲ್ಲಿ ಹುಡುಗಿಯರ ಜೊತೆ ಹೋಗಿದ್ದರು. ಬಾಂಗ್ ಮುಗಿದು ಬಹಳ ಹೊತ್ತಾಗಿತ್ತು. ಬಾಗಿಲಲ್ಲಿ ನಿಂತಿದ್ದ ತಂದೆಗೆ, "ತಪ್ಪು ನಂದರಿ. ಗುರುತಿನ ಕಲ್ಲು ನಾ ಎತ್ತರಕ್ಕ ಇಟ್ಟಿದ್ದೆ" ಎಂದಿದ್ದರು. ತಂದೆ ಮಗಳನ್ನು ಕೊನೆಯ ಬಸ್ಸಿಗೆ ಕರೆದೊಯ್ದರಂತೆ.

ನಾನು ಅಂದೇ ತಾವರಗೇರಾಕ್ಕೆ ಹೋದೆ. ಅವಳ ತಂದೆ ಅಂಗಡಿಯಲ್ಲಿ ಮಶೀನಿನ ಮುಂದೆ ಕುಳಿತು ಅಂಗಿಗೆ ಕಾಲರ್ ಹೊಲಿಯುತ್ತಿದ್ದರು. ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತುಗಳೆಲ್ಲ ಬಿಟ್ಟುಹೋಗಿ, ಕಲ್ಲು ಕಿತ್ತವನು ನಾನು, ಅಂಬಿಗರದೇನೂ ತಪ್ಪಿಲ್ಲ ಎಂದಷ್ಟೇ ಹೇಳಿದೆ.

"ಅಂಬಿಗ ಸುಳ್ಳು ಹೇಳಿದ್ದು ನಮಗ ಗೊತ್ತಾತು" ಎಂದರು, ಹೊಲಿಗೆ ನಿಲ್ಲಿಸದೆ. "ಛಲೋ ಮನಷಾ, ಸುಳ್ಳು ಹೇಳಾಕ ಬರಂಗಿಲ್ಲ ಅವಗ. ಬಸ್ಸಿನ್ಯಾಗ ಬೇಟಿ ಖರೇ ಹೇಳಿದ್ಲು. ನೀವು ಕಲ್ಲು ತಂದಾಗ ತಾನೂ ಚಪ್ಪಾಳಿ ಹೊಡದೆ ಅಂದ್ಲು."

ಅವರು ಮತ್ತೆ ಮಾತಾಡುವವರೆಗೆ ನಾನು ಬಾಯಿ ತೆರೆಯಲಿಲ್ಲ. ಅದನ್ನು ಹಿಂದಿನ ದಿನವಷ್ಟೇ ಕಲಿತಿದ್ದೆ.

"ತನಗ ನುಕ್ಸಾನ್ ಆಗ್ತೈತಿ ಅಂತ ಗೊತ್ತಿದ್ದೂ ಖರೇ ಹೇಳೂ ಹುಡುಗಿನ್ನ ಮನ್ಯಾಗ ಕುಂದರಿಸಿ ನಾ ಏನ ಮಾಡ್ಲಿ? ರಜಾ ಮುಗದ ಮ್ಯಾಲ ಬರ್ತಾಳ. ಚಾ ಕುಡೀರಿ."

ಅವಳು ಬಂದಳು, ಪದವಿ ಮುಗಿಸಿದಳು, ಈಗ ಯಲಬುರ್ಗಾ ಕಡೆಯ ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಾಳೆ. ಮೂಢನಂಬಿಕೆಯ ವಿರುದ್ಧ ನಾನು ಈಗಲೂ ಮಾತಾಡುತ್ತೇನೆ, ಆದರೆ ಊರಿನವರು ಮಾತು ಮುಗಿಸಿದ ಮೇಲೆ. ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತ ಅಂಬಿಗರಿಗೂ, ನಾವು ಕೊಟ್ಟ ಮಾತು ತಪ್ಪಿದರೂ ಮಗಳ ಸತ್ಯವನ್ನು ದೊಡ್ಡದೆಂದು ಎಣಿಸಿದ ಆ ತಂದೆಗೂ ನಾನು ಋಣಿ.

ಈ ರಜೆಯಲ್ಲಿ ನೀವೂ ಗಡ್ಡೆಗೆ ಹೋಗಿ. ಜಿಗಿಯಿರಿ, ಬಂಡೆ ಏರಿ, ಒಲೆ ಹೂಡಿ. ನಿಮ್ಮ ಗುಂಪಿನಲ್ಲಿ ಹೊತ್ತಿಗೆ ಸರಿಯಾಗಿ ಮನೆ ಸೇರಬೇಕಾದವರು ಯಾರೆಂದು ಹೊರಡುವ ಮೊದಲೇ ಕೇಳಿಕೊಳ್ಳಿ. ಮರಳುವಾಗ ಮೊದಲ ಹರಗೋಲಿನಲ್ಲಿ ಅವರನ್ನು ಕೂರಿಸಿ.